ಒಂದೇ ಸೂರಿನಡಿ ಎರಡು ಆವೃತ್ತಿ

ಸಹಕಾರಿ ಸಂಘವೊಂದರ ಕಚೇರಿಯಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದ ಲೆಕ್ಕದ ತಂತ್ರಾಂಶ ಒಂದು ಬೆಳಿಗ್ಗೆ ತೆರೆಯುವುದೇ ಇಲ್ಲ. ಸರ್ವರ್ ಸಿಗುತ್ತಿಲ್ಲ ಎಂಬ ಒಂದು ಸಾಲು ಪರದೆಯ ಮೇಲೆ ನಿಂತಿರುತ್ತದೆ. ಹಿಂದಿನ ದಿನ ಆದದ್ದು ಇಷ್ಟೇ: ಅದೇ ಕಂಪ್ಯೂಟರಿಗೆ ಬೇರೊಂದು ಕೆಲಸದ ತಂತ್ರಾಂಶವನ್ನು ಹಾಕಲಾಗಿತ್ತು. ಹಳೆಯದನ್ನು ಯಾರೂ ಮುಟ್ಟಿಲ್ಲ, ಯಾವ ಕಡತವನ್ನೂ ಅಳಿಸಿಲ್ಲ. ಡಿಸ್ಕಿನಲ್ಲಿ ಸದಸ್ಯರ ಲೆಕ್ಕವೆಲ್ಲ ಇದ್ದಲ್ಲೇ ಇದೆ. ಆದರೂ ಅದು ಕೈಗೆ ಸಿಗುತ್ತಿಲ್ಲ. ಒಂದು ತಂತ್ರಾಂಶ ಬಂದರೆ ಇನ್ನೊಂದು ಏಕೆ ನಿಲ್ಲಬೇಕು?

ಈ ಒಗಟು ಕಂಪ್ಯೂಟರ್ ಇರುವ ಯಾವ ಊರಿನಲ್ಲೂ ಎದುರಾಗಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅದರ ಬಿಸಿ ಹೆಚ್ಚು ತಟ್ಟುತ್ತದೆ, ಏಕೆಂದರೆ ಇಲ್ಲಿನ ಕೃಷಿಕರ ಹಣಕಾಸಿನ ಬಹುಪಾಲು ಸಹಕಾರಿ ಸಂಘಗಳ ಪುಸ್ತಕಗಳಲ್ಲೇ ಇದೆ. ಶಿರಸಿಯ ತೋಟಗಾರರ ಸೇಲ್ ಸೊಸೈಟಿ, ಅಂದರೆ ಟಿಎಸ್‌ಎಸ್, 1923ರಲ್ಲಿ ಹುಟ್ಟಿತು. ಸಿದ್ದಾಪುರ, ಯಲ್ಲಾಪುರಗಳಲ್ಲಿ ತಾಲೂಕು ಮಾರಾಟ ಸಂಘಗಳಾದ ಟಿಎಂಎಸ್‌ಗಳಿವೆ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಾದ ಕೆಡಿಸಿಸಿಯ ಪ್ರಧಾನ ಕಚೇರಿ ಶಿರಸಿಯಲ್ಲೇ ಇದೆ. ಹಳ್ಳಿಹಳ್ಳಿಗಳಲ್ಲಿ ಸೇವಾ ಸಹಕಾರಿ ಸಂಘಗಳಿವೆ. ಸದಸ್ಯನೊಬ್ಬ ತಂದ ಅಡಿಕೆಯಲ್ಲಿ ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಷ್ಟು, ಯಾವ ದಿನದ ಟೆಂಡರಿನಲ್ಲಿ ಯಾವ ದರ ಬಿತ್ತು, ಬೆಳೆಸಾಲಕ್ಕೆ ಎಷ್ಟು ಜಮೆಯಾಯಿತು, ಆಸಾಮಿ ಖಾತೆಯಲ್ಲಿ ಎಷ್ಟು ಉಳಿಯಿತು ಎಂಬುದೆಲ್ಲ ಒಂದು ಕುಟುಂಬದ ಇಡೀ ವರ್ಷದ ದುಡಿಮೆಯ ಲೆಕ್ಕ. ಅದು ಒಂದು ದಿನವೂ ಕಣ್ಣಿಗೆ ಕಾಣದಂತಾಗಬಾರದು.

2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳೆಯ ತಂತ್ರಾಂಶದಿಂದ ಹೊಸದಕ್ಕೆ ಹೋಗುವ ಇಂಥ ಯಾವುದೇ ಬದಲಾವಣೆ ಒಂದೇ ರಾತ್ರಿಯಲ್ಲಿ ಮುಗಿಯುವುದಿಲ್ಲ. ಲೆಕ್ಕ ಪರಿಶೋಧನೆಗೆ ಹಳೆಯ ವರ್ಷಗಳ ಪುಸ್ತಕ ತೆರೆಯಲು ಬರಬೇಕು, ಹೊಸ ವರ್ಷದ ವ್ಯವಹಾರವೂ ನಡೆಯಬೇಕು. ಹಾಗಾಗಿ ಕೆಲವು ತಿಂಗಳಾದರೂ ಎರಡು ಕಾಲದ ತಂತ್ರಾಂಶಗಳು ಒಂದೇ ಕಂಪ್ಯೂಟರಿನಲ್ಲಿ ಬಾಳಬೇಕಾಗುತ್ತದೆ.

ಪರದೆಯ ಹಿಂದೆ ಇರುವವನು

ಗುಮಾಸ್ತರ ಕಣ್ಣಿಗೆ ಕಾಣುವುದು ಹೆಸರು, ಖಾತೆ ಸಂಖ್ಯೆ, ಮೊತ್ತ ತುಂಬುವ ಪರದೆ. ಈ ಪರದೆಯ ತಂತ್ರಾಂಶ ಲೆಕ್ಕವನ್ನು ತಾನೇ ಡಿಸ್ಕಿಗೆ ಬರೆಯುವುದಿಲ್ಲ. ಅದರ ಹಿಂದೆ ಇನ್ನೊಂದು ತಂತ್ರಾಂಶ ಸದ್ದಿಲ್ಲದೆ ಓಡುತ್ತಿರುತ್ತದೆ. ಅದೇ ಡೇಟಾಬೇಸ್ ಸರ್ವರ್. ಕಂಪ್ಯೂಟರ್ ಹೊತ್ತಿಸಿದ ಕೂಡಲೇ ಅದು ತಾನಾಗಿ ಶುರುವಾಗುತ್ತದೆ. ಅದಕ್ಕೆ ಕಿಟಕಿಯಿಲ್ಲ, ಗುಂಡಿಯಿಲ್ಲ. ಪರದೆ ಕೇಳಿದ್ದನ್ನು ಹುಡುಕಿ ಕೊಡುವುದು, ಕೊಟ್ಟದ್ದನ್ನು ಕ್ರಮವಾಗಿ ಬರೆದಿಡುವುದು ಅದರ ಕೆಲಸ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್, ಒರಾಕಲ್ ಇವೆಲ್ಲ ಇಂಥವೇ.

ಮೊದಲು ಹೀಗಿರಲಿಲ್ಲ. ಫಾಕ್ಸ್‌ಪ್ರೋ ಕಾಲದಲ್ಲಿ ಲೆಕ್ಕದ ತಂತ್ರಾಂಶವೇ ನೇರವಾಗಿ ಡಿಬಿಎಫ್ ಕಡತಗಳನ್ನು ತೆರೆದು ಓದಿ ಬರೆಯುತ್ತಿತ್ತು. ನಡುವೆ ಸರ್ವರ್ ಇಲ್ಲದ್ದರಿಂದ ಸರ್ವರ್‌ಗಳ ನಡುವಿನ ತಿಕ್ಕಾಟವೂ ಇರಲಿಲ್ಲ. ಆದರೆ ನಾಲ್ಕು ಜನ ಏಕಕಾಲಕ್ಕೆ ಕೂತು ಬರೆಯುವ ದೊಡ್ಡ ಸಂಘಕ್ಕೆ ಆ ಪದ್ಧತಿ ಸಾಲದು. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆಯದಂತೆ, ನಡುವೆ ಕರೆಂಟು ಹೋದರೂ ಅರ್ಧಂಬರ್ಧ ಜಮೆ ಉಳಿಯದಂತೆ ಕಾಯುವ ಒಬ್ಬ ಮೇಲ್ವಿಚಾರಕ ಬೇಕು. ಸರ್ವರ್ ಬಂದದ್ದು ಅದಕ್ಕಾಗಿ.

ಪ್ರತಿ ತಂತ್ರಾಂಶವೂ ತನಗೆ ಬೇಕಾದ ಸರ್ವರ್ ಯಾವುದು, ಯಾವ ಆವೃತ್ತಿಯದು ಎಂದು ಗೊತ್ತುಮಾಡಿಕೊಂಡೇ ತಯಾರಾಗಿರುತ್ತದೆ. ಹತ್ತು ವರ್ಷದ ಹಿಂದಿನ ತಂತ್ರಾಂಶ ಮೈಎಸ್‌ಕ್ಯೂಎಲ್ 5ರ ಯಾವುದೋ ಆವೃತ್ತಿಯನ್ನು ಕೇಳಿದರೆ, ಹೊಸದು 8 ಇಲ್ಲದೆ ನಡೆಯುವುದಿಲ್ಲ ಎನ್ನುತ್ತದೆ. ಎರಡನ್ನೂ ಹಾಕಲೇಬೇಕಾದ ಸ್ಥಿತಿ ಬರುವುದು ಹೀಗೆ.

ಹಿಸೆಯಾದ ಮನೆ

ಶಿರಸಿ ಸೀಮೆಯಲ್ಲಿ ಹಿಸೆಯಾದ ಮನೆಗಳು ಅಪರೂಪವಲ್ಲ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ಆದರೆ ಹಳೆಯ ಉದ್ದ ಮನೆಯನ್ನು ಕೆಡವುವುದಿಲ್ಲ. ನಡುವೆ ಗೋಡೆ ಏಳುತ್ತದೆ. ಬಾಗಿಲು ಎರಡು, ಅಡುಗೆಮನೆ ಎರಡು, ಅಡಿಕೆ ಮೂಟೆ ಇಡುವ ಮೆತ್ತೂ ಎರಡು. ಮಾಡು, ಅಂಗಳ, ಬಾವಿ ಮಾತ್ರ ಒಂದೇ. ಹೀಗೆ ಎಷ್ಟೋ ಮನೆಗಳಲ್ಲಿ ಎರಡು ಸಂಸಾರಗಳು ತಲೆಮಾರುಗಟ್ಟಲೆ ನೆಮ್ಮದಿಯಾಗಿ ಬಾಳಿವೆ. ತಕರಾರು ಏಳುವುದು ಹಿಸೆಯಾದ ಮೇಲೂ ಬಾಗಿಲು ಒಂದೇ ಉಳಿದಾಗ, ಅಥವಾ ಎರಡೂ ಮನೆಯವರು ಒಂದೇ ಮೆತ್ತಿಗೆ ಮೂಟೆ ಏರಿಸಿದಾಗ.

ಕಂಪ್ಯೂಟರಿನಲ್ಲೂ ನಡೆಯುವುದು ಇದೇ. ಎರಡು ಆವೃತ್ತಿಗಳು ಒಂದನ್ನೊಂದು ದ್ವೇಷಿಸುವುದಿಲ್ಲ. ಒಂದರ ಇರುವಿಕೆ ಇನ್ನೊಂದಕ್ಕೆ ಗೊತ್ತೂ ಇರುವುದಿಲ್ಲ. ಒಬ್ಬರೇ ಹಿಡಿಯಬಹುದಾದ ಒಂದು ವಸ್ತುವಿಗೆ ಇಬ್ಬರೂ ಕೈ ಹಾಕಿದಾಗ ಮಾತ್ರ ಘರ್ಷಣೆ. ಅಂಥ ವಸ್ತುಗಳು ನಾಲ್ಕೇ: ಬಾಗಿಲ ಸಂಖ್ಯೆ, ಸೇವೆಯ ಹೆಸರು, ಹುಡುಕುದಾರಿ ಮತ್ತು ದತ್ತಾಂಶದ ಫೋಲ್ಡರ್. ಬಾವಿಯಂತೆ ಹಂಚಿಕೊಳ್ಳಲೇಬೇಕಾದದ್ದು ಒಂದಿದೆ, ಅದು ಮೆಮೊರಿ.

ಬಾಗಿಲ ಸಂಖ್ಯೆ

ಒಂದು ಕಂಪ್ಯೂಟರಿಗೆ ಜಾಲದ ವಿಳಾಸ ಒಂದೇ ಆದರೂ ಅದರೊಳಗೆ ಕರೆಗೆ ಕಾಯುವ ತಂತ್ರಾಂಶಗಳು ಹಲವು. ಯಾವ ಕರೆ ಯಾರಿಗೆ ಎಂದು ತಿಳಿಯಲು ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇದೆ. ಇದೇ ಪೋರ್ಟ್, ಇಲ್ಲಿ ಬಾಗಿಲ ಸಂಖ್ಯೆ ಎಂದು ಕರೆಯೋಣ. ಅದು 65,535ರವರೆಗೆ ಹೋಗುತ್ತದೆ. ಮೈಎಸ್‌ಕ್ಯೂಎಲ್ ರೂಢಿಯಲ್ಲಿ ನಿಲ್ಲುವುದು 3306ರಲ್ಲಿ, ಪೋಸ್ಟ್‌ಗ್ರೆಸ್ 5432ರಲ್ಲಿ, ಎಸ್‌ಕ್ಯೂಎಲ್ ಸರ್ವರ್ 1433ರಲ್ಲಿ, ಒರಾಕಲ್ 1521ರಲ್ಲಿ. ಆದ್ದರಿಂದ ಒಂದು ಮೈಎಸ್‌ಕ್ಯೂಎಲ್ ಮತ್ತು ಒಂದು ಪೋಸ್ಟ್‌ಗ್ರೆಸ್ ಪಕ್ಕಪಕ್ಕದಲ್ಲಿ ಇದ್ದರೆ ತೊಂದರೆಯಿಲ್ಲ. ಎರಡು ಮೈಎಸ್‌ಕ್ಯೂಎಲ್‌ಗಳಿದ್ದರೆ ಇಬ್ಬರಿಗೂ ಬೇಕಾದದ್ದು 3306. ಮೈಎಸ್‌ಕ್ಯೂಎಲ್‌ನಿಂದಲೇ 2009ರಲ್ಲಿ ಕವಲೊಡೆದ ಮರಿಯಾಡಿಬಿ ಕೂಡ ಅದೇ ಸಂಖ್ಯೆಯನ್ನು ಉಳಿಸಿಕೊಂಡಿದೆ.

ಒಂದು ಬಾಗಿಲಿನಲ್ಲಿ ಒಬ್ಬರೇ ನಿಲ್ಲಬಹುದು. ಮೊದಲು ಎದ್ದವನು ಅದನ್ನು ಹಿಡಿಯುತ್ತಾನೆ, ಎರಡನೆಯವನು ಜಾಗವಿಲ್ಲವೆಂದು ದಿನಚರಿ ಕಡತದಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತಾನೆ. ಕಂಪ್ಯೂಟರ್ ಹೊತ್ತಿಸಿದಾಗ ಯಾವುದು ಮೊದಲು ಏಳುತ್ತದೆ ಎಂಬುದು ದಿನದಿನಕ್ಕೆ ಬದಲಾಗಬಹುದು. ನಿನ್ನೆ ನಡೆದ ತಂತ್ರಾಂಶ ಇಂದು ನಡೆಯದೆ, ಮರುದಿನ ಮತ್ತೆ ತಾನಾಗಿ ಸರಿಯಾಗುವ ವಿಚಿತ್ರಕ್ಕೆ ಇದೊಂದು ಕಾರಣ.

ಇದಕ್ಕಿಂತ ಅಪಾಯದ ರೂಪ ಇನ್ನೊಂದಿದೆ. ಹೊಸ ಸರ್ವರ್ 3306ನ್ನು ಹಿಡಿದಿದ್ದರೆ ಹಳೆಯ ಲೆಕ್ಕದ ತಂತ್ರಾಂಶ ಅಲ್ಲಿಗೇ ಹೋಗಿ ಬಾಗಿಲು ತಟ್ಟುತ್ತದೆ. ಉತ್ತರ ಬರುತ್ತದೆ, ಆದರೆ ಒಳಗಿರುವವನು ಬೇರೆ. ಪಾಸ್‌ವರ್ಡ್ ತಪ್ಪು ಎಂದೋ, ಆ ಹೆಸರಿನ ಡೇಟಾಬೇಸ್ ಇಲ್ಲ ಎಂದೋ ಅವನು ಹೇಳುತ್ತಾನೆ. ಲೆಕ್ಕವೇ ಅಳಿಸಿಹೋಯಿತೆಂದು ಕಚೇರಿಯವರು ಗಾಬರಿಯಾಗುವುದು ಇಂಥಲ್ಲಿ. ಆ ಗಾಬರಿಯಲ್ಲಿ ಅದೇ ಹೆಸರಿನ ಖಾಲಿ ಡೇಟಾಬೇಸ್ ಒಂದನ್ನು ಸೃಷ್ಟಿಸಿ ಕೆಲಸ ಮುಂದುವರಿಸಿದರೆ ಒಂದೇ ಸಂಘಕ್ಕೆ ಎರಡು ಖಾತೆಪುಸ್ತಕಗಳಾಗುತ್ತವೆ. ಅವನ್ನು ಮತ್ತೆ ಒಂದು ಮಾಡುವುದು ಬಹಳ ಕಷ್ಟ.

ಪರಿಹಾರ ಮಾತ್ರ ಚಿಕ್ಕದು. ಎರಡನೆಯ ಸರ್ವರ್‌ನ ಹೊಂದಿಕೆ ಕಡತದಲ್ಲಿ ಸಂಖ್ಯೆಯನ್ನು 3307 ಎಂದು ಬದಲಿಸಿ, ಅದನ್ನು ಬಳಸುವ ತಂತ್ರಾಂಶಕ್ಕೂ ಅದೇ ಸಂಖ್ಯೆ ಕೊಟ್ಟರೆ ಸಾಕು. ಸಂಖ್ಯೆ ಬದಲಿಸಲು ಅವಕಾಶವೇ ಇಲ್ಲದ ಹಳೆಯ ತಂತ್ರಾಂಶವಿದ್ದರೆ ಅದನ್ನು ರೂಢಿಯ ಬಾಗಿಲಲ್ಲೇ ಬಿಟ್ಟು ಹೊಸದನ್ನು ಸರಿಸಬೇಕು. ಲಿನಕ್ಸ್‌ನಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿ ಮೈಎಸ್‌ಕ್ಯೂಎಲ್‌ಗೆ ‘ಲೋಕಲ್‌ಹೋಸ್ಟ್’ ಎಂದು ವಿಳಾಸ ಕೊಟ್ಟರೆ ಅದು ಬಾಗಿಲ ಸಂಖ್ಯೆಯನ್ನು ನೋಡದೆ ಸಾಕೆಟ್ ಎಂಬ ಒಳದಾರಿ ಹಿಡಿದು ಮೊದಲಿನ ಸರ್ವರ್‌ಗೇ ಹೋಗಬಹುದು. 127.0.0.1 ಎಂದು ಅಂಕಿಯಲ್ಲೇ ಬರೆದರೆ ಈ ಗೊಂದಲವಿಲ್ಲ.

ಮೈಕ್ರೋಸಾಫ್ಟ್ ಈ ಸಮಸ್ಯೆಗೆ 2000ದ ಆವೃತ್ತಿಯಿಂದ ಬೇರೆ ಉತ್ತರ ಕೊಟ್ಟಿತು. ಒಂದೇ ಯಂತ್ರದಲ್ಲಿ ಎಸ್‌ಕ್ಯೂಎಲ್ ಸರ್ವರ್‌ನ ಹಲವು ನೆಲೆಗಳನ್ನು ಹೆಸರು ಕೊಟ್ಟು ಸ್ಥಾಪಿಸಬಹುದು. ಯಾವ ಹೆಸರಿನವನು ಯಾವ ಬಾಗಿಲಲ್ಲಿದ್ದಾನೆ ಎಂದು 1434ರಲ್ಲಿ ಕೂತ ಒಬ್ಬ ಸಹಾಯಕ ಹೇಳುತ್ತಾನೆ. ಅನುಕೂಲ ದೊಡ್ಡದೇ. ಆದರೆ 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಹುಳು ಈ 1434ರ ದೋಷವನ್ನೇ ಹಿಡಿದು ಕೆಲವೇ ನಿಮಿಷಗಳಲ್ಲಿ ಜಗತ್ತಿನ ತುಂಬ ಹರಡಿತು. ದೋಷದ ತಿದ್ದುಪಡಿ ಆರು ತಿಂಗಳ ಹಿಂದೆಯೇ ಬಂದಿತ್ತು, ಹಲವರು ಹಾಕಿಕೊಂಡಿರಲಿಲ್ಲ. ಪಕ್ಕದಲ್ಲಿ ಉಳಿಸಿಕೊಂಡ ಹಳೆಯ ಆವೃತ್ತಿಯ ಬಾಗಿಲು ಹೊರಗಿನ ಜಾಲಕ್ಕೆ ತೆರೆದಿರಬಾರದು, ಅದೇ ಯಂತ್ರದವರಿಗೆ ಮಾತ್ರ ತೆರೆಯಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಹೆಸರು ಮತ್ತು ಹುಡುಕುದಾರಿ

ವಿಂಡೋಸ್ ಹಿನ್ನೆಲೆಯಲ್ಲಿ ಓಡುವ ಸೇವೆಗಳ ಒಂದು ಪಟ್ಟಿ ಇಟ್ಟಿರುತ್ತದೆ. ಆ ಪಟ್ಟಿಯಲ್ಲಿ ಒಂದು ಹೆಸರಿಗೆ ಒಂದೇ ಸೇವೆ. ಎರಡು ಆವೃತ್ತಿಗಳನ್ನೂ ಬರಿಯ ‘ಮೈಎಸ್‌ಕ್ಯೂಎಲ್’ ಎಂದೇ ದಾಖಲಿಸಲು ಹೋದರೆ ಎರಡನೆಯದು ನಿಲ್ಲುತ್ತದೆ. ಆವೃತ್ತಿಯ ಸಂಖ್ಯೆಯನ್ನು ಹೆಸರಿಗೇ ಸೇರಿಸುವುದು ಉತ್ತಮ ರೂಢಿ. ಮೈಎಸ್‌ಕ್ಯೂಎಲ್ 8.0ರ ಸ್ಥಾಪಕ ತಾನಾಗಿ ‘ಮೈಎಸ್‌ಕ್ಯೂಎಲ್80’ ಎಂಬ ಹೆಸರನ್ನು ಸೂಚಿಸುವುದು ಈ ಕಾರಣಕ್ಕೆ.

ಮೂರನೆಯದು ಹುಡುಕುದಾರಿ. ಆಜ್ಞೆಯೊಂದನ್ನು ಕೊಟ್ಟಾಗ ಆ ಹೆಸರಿನ ತಂತ್ರಾಂಶ ಎಲ್ಲಿದೆ ಎಂದು ಕಂಪ್ಯೂಟರ್ ಫೋಲ್ಡರ್‌ಗಳ ಒಂದು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ, ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. ಹೊಸ ಸ್ಥಾಪನೆ ತನ್ನ ಫೋಲ್ಡರನ್ನು ಆ ಪಟ್ಟಿಯ ತಲೆಗೆ ಸೇರಿಸಿದರೆ, ಹಳೆಯ ಸರ್ವರ್‌ನ ಬ್ಯಾಕಪ್ ತೆಗೆಯಲು ಕೊಟ್ಟ ಆಜ್ಞೆಗೆ ಹೊಸ ಆವೃತ್ತಿಯ ಉಪಕರಣ ಓಡಿಬರುತ್ತದೆ. ಸಂಪರ್ಕ ಕಲ್ಪಿಸುವ ಸಣ್ಣ ಸಹಾಯಕ ಕಡತಗಳ ವಿಷಯದಲ್ಲೂ ಹೀಗೆಯೇ. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0 ಪಾಸ್‌ವರ್ಡ್ ಪರೀಕ್ಷಿಸುವ ವಿಧಾನವನ್ನೇ ಬದಲಿಸಿತು. ಹಳೆಯ ಸಹಾಯಕ ಕಡತಕ್ಕೆ ಆ ವಿಧಾನ ತಿಳಿಯದು. ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡದೆ ಸತಾಯಿಸುವುದು ಅದರಿಂದ. ಆಜ್ಞೆಯನ್ನು ಪೂರ್ತಿ ವಿಳಾಸದೊಡನೆ ಕೊಡುವುದು, ಪ್ರತಿ ತಂತ್ರಾಂಶದ ಸಹಾಯಕ ಕಡತಗಳನ್ನು ಅದರದೇ ಫೋಲ್ಡರಿನಲ್ಲಿ ಇಡುವುದು ಇದಕ್ಕೆ ಪರಿಹಾರ.

ಮೆತ್ತು ಬೇರೆಯಾಗಲೇಬೇಕು

ಮೇಲಿನ ಮೂರರಲ್ಲಿ ತಪ್ಪಾದರೆ ಕೆಲಸ ನಿಲ್ಲುತ್ತದೆ, ಲೆಕ್ಕ ತಾನಾಗಿ ಹಾಳಾಗುವುದಿಲ್ಲ. ನಾಲ್ಕನೆಯದು ಹಾಗಲ್ಲ. ದತ್ತಾಂಶದ ಫೋಲ್ಡರ್ ಎಂದರೆ ಲೆಕ್ಕ ನಿಜವಾಗಿ ಮಲಗಿರುವ ಜಾಗ.

ಸರ್ವರ್ ತನ್ನ ಮಾಹಿತಿಯನ್ನು ಸಮ ಅಳತೆಯ ಪುಟಗಳಾಗಿ ಬರೆಯುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಎಲ್ ಸರ್ವರ್‌ಗಳಲ್ಲಿ ಒಂದು ಪುಟ 8 ಕಿಲೋಬೈಟ್, ಮೈಎಸ್‌ಕ್ಯೂಎಲ್‌ನಲ್ಲಿ ರೂಢಿಯಂತೆ 16. ಸದಸ್ಯರ ಪಟ್ಟಿ ಯಾವ ಕಡತದಲ್ಲಿದೆ, ಅದರಲ್ಲಿ ಎಷ್ಟು ಅಂಕಣಗಳಿವೆ, ಸೂಚಿ ಎಲ್ಲಿದೆ ಎಂಬ ವಿವರಗಳ ಒಂದು ಒಳಪಟ್ಟಿಯೂ ಇರುತ್ತದೆ. ದೊಡ್ಡ ಆವೃತ್ತಿ ಬದಲಾದಾಗ ಈ ಒಳಪಟ್ಟಿಯ ರಚನೆ ಬದಲಾಗುತ್ತದೆ. ಹೊರಗಿನಿಂದ ಕಡತಗಳು ಒಂದೇ ಥರ ಕಂಡರೂ ಒಳಗಿನ ಬರವಣಿಗೆಯ ಕ್ರಮ ಬೇರೆ.

ಇದನ್ನು ಪೋಸ್ಟ್‌ಗ್ರೆಸ್ ತುಂಬ ಪ್ರಾಮಾಣಿಕವಾಗಿ ನಿಭಾಯಿಸುತ್ತದೆ. ತನ್ನ ದತ್ತಾಂಶದ ಫೋಲ್ಡರಿನಲ್ಲಿ ಅದು ಒಂದು ಪುಟ್ಟ ಕಡತವನ್ನಿಟ್ಟು ಅದರಲ್ಲಿ ತನ್ನ ಆವೃತ್ತಿಯ ಸಂಖ್ಯೆಯನ್ನು ಮಾತ್ರ ಬರೆದಿರುತ್ತದೆ. ಸರ್ವರ್ ಏಳುವ ಮೊದಲು ಆ ಸಂಖ್ಯೆಯನ್ನು ಓದುತ್ತದೆ. ತನ್ನದಲ್ಲದಿದ್ದರೆ ಒಂದಕ್ಷರವನ್ನೂ ಮುಟ್ಟದೆ ನಿಲ್ಲುತ್ತದೆ. ನಿರಾಕರಣೆಯ ಆ ಸಂದೇಶ ಕೋಪ ತರಿಸಬಹುದು, ಆದರೆ ಅದೇ ಸಂಘದ ಲೆಕ್ಕವನ್ನು ಕಾಪಾಡಿದ ಸಂದೇಶ.

ಎಲ್ಲ ಸರ್ವರ್‌ಗಳೂ ಹೀಗೆ ಹಿಂದೆ ಸರಿಯುವುದಿಲ್ಲ. ಮೈಎಸ್‌ಕ್ಯೂಎಲ್ 8.0ಕ್ಕೆ 5.7ರ ಫೋಲ್ಡರನ್ನು ತೋರಿಸಿದರೆ ಅದು ಒಳಪಟ್ಟಿಯನ್ನು ತನ್ನ ಕ್ರಮಕ್ಕೆ ಪರಿವರ್ತಿಸಿಕೊಳ್ಳುತ್ತದೆ. ಆಮೇಲೆ 5.7 ಅದನ್ನು ಓದಲಾರದು, ಹಿಂದಕ್ಕೆ ತಿರುಗಿಸುವ ದಾರಿಯೂ ಇಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಡೇಟಾಬೇಸನ್ನು ಹೊಸ ಆವೃತ್ತಿಗೆ ಜೋಡಿಸಿದರೂ ಇದೇ ಗತಿ. ಹೊಸದರಲ್ಲಿ ತೆಗೆದ ಬ್ಯಾಕಪ್ ಹಳೆಯದರಲ್ಲಿ ತೆರೆಯುವುದಿಲ್ಲ. ಒಮ್ಮೆ ನೋಡಿ ವಾಪಸು ಬರೋಣ ಎಂಬ ಪ್ರಯೋಗಕ್ಕೆ ಇಲ್ಲಿ ಎಡೆಯಿಲ್ಲ.

ಮಲೆನಾಡಿನ ಮಳೆಗಾಲ ಇನ್ನೊಂದು ಎಚ್ಚರ ಕೇಳುತ್ತದೆ. ಸರ್ವರ್ ಪ್ರತಿ ಬದಲಾವಣೆಯನ್ನು ಮೊದಲು ಒಂದು ಮುಂಗಡ ದಾಖಲೆಯಲ್ಲಿ ಬರೆದು, ಆಮೇಲೆ ಪುಟಗಳಿಗೆ ಇಳಿಸುತ್ತದೆ. ಮರ ಬಿದ್ದು ಕರೆಂಟು ಹೋಗಿ, ಯುಪಿಎಸ್ ಕೂಡ ಖಾಲಿಯಾಗಿ ಯಂತ್ರ ದಿಢೀರನೆ ನಿಂತರೆ ಕೆಲವು ಬದಲಾವಣೆಗಳು ಆ ದಾಖಲೆಯಲ್ಲೇ ಉಳಿದಿರುತ್ತವೆ. ಅವನ್ನು ಪುಟಗಳಿಗೆ ಇಳಿಸಿ ಮುಗಿಸಬೇಕಾದದ್ದು ಬರೆದ ಆವೃತ್ತಿಯೇ. ಆ ಸ್ಥಿತಿಯಲ್ಲಿ ಹೊಸ ಆವೃತ್ತಿಗೆ ಫೋಲ್ಡರನ್ನು ಒಪ್ಪಿಸಬಾರದು. ಹಳೆಯದನ್ನು ಒಮ್ಮೆ ಏಳಿಸಿ, ಕ್ರಮಬದ್ಧವಾಗಿ ನಿಲ್ಲಿಸಿ, ಆಮೇಲೆ ಮುಂದಿನ ಮಾತು.

ಲೆಕ್ಕವನ್ನು ಸಾಗಿಸುವ ಕ್ರಮ

ಫೋಲ್ಡರ್ ಹಂಚಿಕೊಳ್ಳುವಂತಿಲ್ಲ ಎಂದ ಮೇಲೆ ಮಾಹಿತಿ ದಾಟುವುದು ಹೇಗೆ? ಹಳೆಯ ಸರ್ವರ್‌ನಿಂದ ಎಲ್ಲವನ್ನೂ ಓದಬಲ್ಲ ಆಜ್ಞೆಗಳ ರೂಪದಲ್ಲಿ ಹೊರಗೆ ಬರೆಸಬಹುದು: ಈ ಹೆಸರಿನ ಪಟ್ಟಿ ಮಾಡು, ಅದರಲ್ಲಿ ಈ ಸದಸ್ಯನನ್ನು ಸೇರಿಸು, ಈ ಮೊತ್ತ ಜಮೆ ಮಾಡು. ಇದನ್ನು ಪಠ್ಯಪ್ರತಿ ಎನ್ನಬಹುದು. ಪುಟದ ಅಳತೆ, ಒಳಪಟ್ಟಿಯ ರಚನೆ ಯಾವುದೂ ಅದರಲ್ಲಿ ಇರುವುದಿಲ್ಲ; ಲೆಕ್ಕದ ಅರ್ಥ ಮಾತ್ರ ಇರುತ್ತದೆ. ಹೊಸ ಸರ್ವರ್ ಆ ಆಜ್ಞೆಗಳನ್ನು ಒಂದೊಂದಾಗಿ ನಡೆಸಿ ತನ್ನದೇ ಕ್ರಮದಲ್ಲಿ ಬರೆದುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಈ ಪ್ರತಿ ತೆಗೆಯಲು ಹೊಸ ಆವೃತ್ತಿಯ ಉಪಕರಣವನ್ನೇ ಬಳಸಬೇಕು. ಹೊಸದಕ್ಕೆ ಹಳೆಯದನ್ನು ಓದಲು ಬರುತ್ತದೆ, ಹಳೆಯದಕ್ಕೆ ಹೊಸದು ಅರ್ಥವಾಗುವುದಿಲ್ಲ.

ಕನ್ನಡದ ಹೆಸರುಗಳಿಗೆ ಇಲ್ಲಿ ವಿಶೇಷ ಗಮನ ಬೇಕು. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ಒಂದಕ್ಷರಕ್ಕೆ ಒಂದೇ ಬೈಟ್ ಎಣಿಸುವ ಹಳೆಯ ಕ್ರಮದ ಪಟ್ಟಿಯೊಳಗೆ ಅವು ಸೇರಿಕೊಂಡಿದ್ದರೆ ಸಾಗಿಸುವಾಗ ಅರ್ಥವಿಲ್ಲದ ಗುರುತುಗಳಾಗಿ ಒಡೆಯುತ್ತವೆ. ಯೂನಿಕೋಡ್‌ಗೆ ಮೊದಲಿನ ಫಾಂಟುಗಳಲ್ಲಿ ತುಂಬಿದ ಹೆಸರುಗಳನ್ನು ಪರಿವರ್ತಕದ ಮೂಲಕ ಬೇರೆಯಾಗಿಯೇ ಬದಲಿಸಬೇಕು. ಸಾಗಿಸಿದ ಮೇಲೆ ಒತ್ತಕ್ಷರಗಳಿರುವ ಹೆಸರುಗಳನ್ನು ಕಣ್ಣಿನಿಂದಲೇ ನೋಡಿ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು.

ಅಂಕಿಗಳ ತಾಳೆಯೂ ಆಗಲೇಬೇಕು. ಸದಸ್ಯರ ಸಂಖ್ಯೆ, ಷೇರು ಬಂಡವಾಳ, ಸಾಲದ ಬಾಕಿ, ಠೇವಣಿ, ಮಾರ್ಚ್ 31ರ ಅಖೈರು ಶಿಲ್ಕು ಎರಡೂ ಕಡೆ ಒಂದೇ ಬರಬೇಕು. ಒಂದು ರೂಪಾಯಿ ವ್ಯತ್ಯಾಸ ಕಂಡರೂ ಹಳೆಯದನ್ನು ಕೈಬಿಡಬಾರದು.

ಗೋಡೆಯನ್ನೇ ಗಟ್ಟಿ ಮಾಡುವುದು

ನಾಲ್ಕನ್ನೂ ಕೈಯಿಂದ ಬೇರ್ಪಡಿಸುವ ಬದಲು ಒಮ್ಮೆಗೇ ಬೇರ್ಪಡಿಸುವ ವಿಧಾನವೂ ಇದೆ. ವರ್ಚುವಲ್ ಯಂತ್ರದಲ್ಲಿ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಪೂರ್ಣ ಕಂಪ್ಯೂಟರ್ ಓಡುತ್ತದೆ. ಹಳೆಯ ವಿಂಡೋಸ್ ಬಿಟ್ಟು ಬೇರೆ ಎಲ್ಲೂ ನಡೆಯದ ಹಳೆಯ ತಂತ್ರಾಂಶಕ್ಕೆ ಇದೇ ಸರಿ. 2013ರಲ್ಲಿ ಬಂದ ಡಾಕರ್ ಜನಪ್ರಿಯಗೊಳಿಸಿದ ಕಂಟೇನರ್ ಇದಕ್ಕಿಂತ ಹಗುರ. ಪ್ರತಿ ಕಂಟೇನರಿಗೂ ಅದರದೇ ಕಡತಗಳು, ಅದರದೇ ಹುಡುಕುದಾರಿ, ಅದರದೇ ಬಾಗಿಲುಗಳು. ಎರಡರೊಳಗೂ ಸರ್ವರ್ ತಾನು 3306ರಲ್ಲೇ ಇದ್ದೇನೆ ಎಂದುಕೊಂಡಿರುತ್ತದೆ; ಹೊರಗೆ ಮಾತ್ರ ಒಂದಕ್ಕೆ 3306, ಇನ್ನೊಂದಕ್ಕೆ 3307 ಎಂದು ಜೋಡಿಸಲಾಗಿರುತ್ತದೆ. ದತ್ತಾಂಶದ ಫೋಲ್ಡರನ್ನು ಕಂಟೇನರಿನ ಹೊರಗೆ, ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಇಡಬೇಕು. ಇಲ್ಲದಿದ್ದರೆ ಕಂಟೇನರನ್ನು ಅಳಿಸಿದಾಗ ಲೆಕ್ಕವೂ ಹೋದೀತು.

ಎಷ್ಟೇ ಗೋಡೆ ಹಾಕಿದರೂ ಬಾವಿ ಒಂದೇ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ತಮ್ಮ ಮುಖ್ಯ ಸಂಗ್ರಹಕ್ಕೆ ರೂಢಿಯಲ್ಲಿ ತಲಾ 128 ಮೆಗಾಬೈಟ್ ಮೆಮೊರಿ ಹಿಡಿಯುತ್ತವೆ. ಎಸ್‌ಕ್ಯೂಎಲ್ ಸರ್ವರ್‌ನ ಪೂರ್ಣ ಆವೃತ್ತಿಗೆ ಮಿತಿ ಹಾಕದಿದ್ದರೆ ಸಿಕ್ಕಷ್ಟನ್ನೂ ತುಂಬಿಕೊಳ್ಳುತ್ತ ಹೋಗುತ್ತದೆ. ನಾಲ್ಕು ಗಿಗಾಬೈಟಿನ ಕಚೇರಿ ಕಂಪ್ಯೂಟರಿನಲ್ಲಿ ಎರಡು ಸರ್ವರ್‌ಗಳನ್ನು ಇಡುವಾಗ ಪ್ರತಿಯೊಂದಕ್ಕೂ ಮಿತಿ ಗೊತ್ತುಮಾಡಬೇಕು.

ಕೈ ಹಾಕುವ ಮೊದಲು

ತೊಂದರೆ ಬಂದಾಗ ಮೊದಲು ಮಾಡಬೇಕಾದದ್ದು ಏನನ್ನೂ ಅಳಿಸದಿರುವುದು. ಸರ್ವರ್‌ಗಳನ್ನು ನಿಲ್ಲಿಸಿ ಎರಡೂ ದತ್ತಾಂಶ ಫೋಲ್ಡರ್‌ಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಬೇಕು. ಓಡುತ್ತಿರುವ ಸರ್ವರ್‌ನ ಫೋಲ್ಡರ್ ನಕಲು ಮಾಡಿದರೆ ಅರ್ಧ ಬರೆದ ಪುಟಗಳು ಬರುತ್ತವೆ. ಆಮೇಲೆ ಕ್ರಮವಾಗಿ ನೋಡುವುದು: ಸೇವೆಗಳ ಪಟ್ಟಿಯಲ್ಲಿ ಯಾರು ಓಡುತ್ತಿದ್ದಾರೆ, ‘ನೆಟ್‌ಸ್ಟಾಟ್’ ಆಜ್ಞೆ ಯಾವ ಬಾಗಿಲಲ್ಲಿ ಯಾರನ್ನು ತೋರಿಸುತ್ತದೆ, ಏಳದ ಸರ್ವರ್‌ನ ದಿನಚರಿಯ ಕೊನೆಯ ಸಾಲುಗಳು ಏನು ಹೇಳುತ್ತವೆ, ಸಂಪರ್ಕ ಸಿಕ್ಕ ಸರ್ವರ್ ಯಾವ ಆವೃತ್ತಿಯದು. ಈ ನಾಲ್ಕು ಉತ್ತರ ಸಿಕ್ಕರೆ ತಿಕ್ಕಾಟ ಎಲ್ಲಿದೆಯೆಂದು ಬಹುತೇಕ ಗೊತ್ತಾಗುತ್ತದೆ.

ಎರಡನ್ನೂ ಇಟ್ಟುಕೊಳ್ಳುವುದಾದರೆ ಆವೃತ್ತಿ, ಬಾಗಿಲ ಸಂಖ್ಯೆ, ಸೇವೆಯ ಹೆಸರು, ದತ್ತಾಂಶ ಫೋಲ್ಡರಿನ ಜಾಗ ಮತ್ತು ಅದನ್ನು ಬಳಸುವ ತಂತ್ರಾಂಶ ಎಂಬ ಐದು ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಕಚೇರಿಯಲ್ಲಿ ಇಡಬೇಕು. ಸಿಬ್ಬಂದಿ ಬದಲಾದರೂ ಆ ಹಾಳೆ ಉಳಿಯುತ್ತದೆ.

ಹಳೆಯ ಆವೃತ್ತಿಯನ್ನು ಬೇಕಾದಷ್ಟು ಕಾಲ ಮಾತ್ರ ಇಡಬೇಕು. ಪೋಸ್ಟ್‌ಗ್ರೆಸ್‌ನ ಪ್ರತಿ ಆವೃತ್ತಿಗೆ ತಿದ್ದುಪಡಿ ಸಿಗುವುದು ಐದು ವರ್ಷ, ಮೈಎಸ್‌ಕ್ಯೂಎಲ್ 5.7ರ ಅವಧಿ 2023ರ ಅಕ್ಟೋಬರಿಗೆ ಮುಗಿದಿದೆ. ಪರಿಶೋಧನೆ ಮುಗಿದು, ತಾಳೆ ಸರಿಯಾಗಿ, ಪಠ್ಯಪ್ರತಿಯೊಂದನ್ನು ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿದ ಮೇಲೆ ಹಳೆಯ ಸೇವೆಯನ್ನು ನಿಲ್ಲಿಸಬಹುದು. ಒಂದು ತಿಂಗಳು ಯಾರಿಗೂ ಅದರ ಅಗತ್ಯ ಬೀಳದಿದ್ದರೆ ತೆಗೆದುಹಾಕಬಹುದು. ಪಠ್ಯಪ್ರತಿಯನ್ನು ಮಾತ್ರ ಎರಡು ಕಡೆ ಜೋಪಾನವಾಗಿ ಇಡಬೇಕು. ಮುಂದೆ ಯಾವ ಆವೃತ್ತಿ ಬಂದರೂ ಅದರಿಂದ ಲೆಕ್ಕವನ್ನು ಮತ್ತೆ ಕಟ್ಟಬಹುದು.